ಗೋಡೆಯ ಮೇಲೆ ಬರೆದ ಮದುವೆ

ಆ ದಿನ ಬೆಳಗ್ಗೆ ನಾನು ದೊಡ್ಡ ಕೊಪ್ಪರಿಗೆಯೊಳಗೆ ಕುಳಿತು ತಳ ಉಜ್ಜುತ್ತಿದ್ದೆ. ಅಕ್ಕ ಹೊರಗೆ ನಿಂತು ಅಂಚು ಉಜ್ಜುತ್ತಿದ್ದಳು. ಹಿಂದಿನ ದಿನ ಒಂದು ಮದುವೆ ಮನೆಯಿಂದ ಪಾತ್ರೆಗಳೆಲ್ಲ ಗಾಡಿಯಲ್ಲಿ ವಾಪಸು ಬಂದು ಹಿತ್ತಲಲ್ಲಿ ಬಿದ್ದಿದ್ದವು. ಮನೆಯಲ್ಲಿ ಕೊಪ್ಪರಿಗೆಯೊಳಗೆ ಹಿಡಿಸುತ್ತಿದ್ದವಳು ಎಂಟು ವರ್ಷದ ನಾನೊಬ್ಬಳೇ, ಹಾಗಾಗಿ ಆ ಕೆಲಸ ನನ್ನದು. ಒಳಗೆ ತವರದ ಕಲಾಯಿ ಹಾಕಿಸಿದ್ದರಿಂದ ಬರೀ ಬೂದಿ ಮತ್ತು ತೆಂಗಿನ ನಾರು. ಹುಣಸೆಹಣ್ಣು ಹೊರಗಿನ ತಾಮ್ರಕ್ಕೆ. ಶಾಲೆಗೆ ಬೇಸಿಗೆ ರಜ. ಅಕ್ಕನಿಗೆ ರಜ ಎನ್ನುವುದೇ ಇರಲಿಲ್ಲ. ಅವಳು ಉಜ್ಜುತ್ತಲೇ ನನಗೆ ಮಗ್ಗಿ ಕೇಳುತ್ತಿದ್ದಳು. ನಾನು ಒಳಗಿನಿಂದ ಉತ್ತರ ಕೂಗಿದರೆ ಅದು ಯಾರೋ ದೊಡ್ಡ ಗಂಡಸು ಹೇಳಿದ ಹಾಗೆ ಗುಂಯ್‌ ಎಂದು ಹೊರಬರುತ್ತಿತ್ತು. ಅದಕ್ಕೇ ಕೊಪ್ಪರಿಗೆಯೊಳಗೆ ನನಗೆ ಮಗ್ಗಿ ತಪ್ಪುತ್ತಿರಲಿಲ್ಲ, ತರಗತಿಯಲ್ಲಿ ತಪ್ಪುತ್ತಿತ್ತು.

"ಏಳೆಂಟ್ಲಿ?"

"ಐವತ್ತಾರು!"

"ಏಳೊಂಬತ್ಲಿ?"

"ಉಜ್ಜಾಕೆ ಕೂರಿಸಿದ್ರೆ ಇಸ್ಕೂಲ್ ಮಾಡ್ಕಂಡವ್ರೆ ಇಬ್ರೂವೆ," ಎಂದು ಅಡುಗೆಮನೆಯಿಂದ ಅವ್ವ ಕೂಗಿದಳು. "ಗೌರಿ, ಆ ಸೌಟ್ಗಳ ಎಣ್ಸಿದ್ಯೇನವ್ವಾ? ಓದ್ಸಲ ಎಲ್ಡು ಕಮ್ಮಿ ಬಂದಿದ್ವು."

ಅಕ್ಕ ಎಣಿಸಿ ಹೇಳಿದಳು. ಸೌಟುಗಳು ಸರಿಯಾಗಿದ್ದವು. ನಾನು ಕೊಪ್ಪರಿಗೆಯಿಂದ ಹೊರಗೆ ಬರುವಾಗ ಅವಳು ಎರಡೂ ಕಂಕುಳಿಗೆ ಕೈಹಾಕಿ ಎತ್ತಿ ಇಳಿಸಿ, ನನ್ನ ಮೂಗಿಗೆ ಮೆತ್ತಿದ್ದ ಬೂದಿಯನ್ನು ತನ್ನ ಸೆರಗಿನಿಂದ ಒರೆಸಿದಳು. ಅಷ್ಟೇ. ಆ ದಿನ ಬೇರೇನೂ ನಡೆಯಲಿಲ್ಲ. ಅಕ್ಕ ತೀರಿಕೊಂಡು ಈಗ ಎರಡು ತಿಂಗಳಾಯಿತು. ಅವಳ ಬಗ್ಗೆ ಏನಾದರೂ ಬರೆಯೋಣವೆಂದು ಕೂತಾಗಲೆಲ್ಲ ನನಗೆ ಮೊದಲು ಬರುವುದು ಈ ಏನೂ ನಡೆಯದ ದಿನ.

ನಮ್ಮದು ಕೊಳ್ಳೇಗಾಲದಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಮನೆ. ಅಪ್ಪನನ್ನು ಊರಿನಲ್ಲಿ ಪಾತ್ರೆ ಗುರುಮಲ್ಲಪ್ಪ ಎಂದೇ ಕರೆಯುತ್ತಿದ್ದರು. ಮನೆಗೂ ಅಂಗಡಿಗೂ ನಡುವೆ ಗೋಡೆ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಕೊಳಗ, ತಪ್ಪಲೆ, ಬಾಂಡ್ಲಿಗಳು ಒಂದರೊಳಗೊಂದು ಕೂತು ಅಟ್ಟದವರೆಗೆ ಏರಿರುತ್ತಿದ್ದವು, ನಡುಮನೆಯಲ್ಲಿ ಹಂಡೆಗಳು, ಅಡುಗೆಮನೆಯ ಬಾಗಿಲ ಹಿಂದೆ ಸೌಟು, ಜಾಲರಿ. ಅಕ್ಕ ಮತ್ತು ನಾನು ಮಲಗುತ್ತಿದ್ದದ್ದು ಎರಡು ಸಾಲು ಹಂಡೆಗಳ ನಡುವಿನ ಜಾಗದಲ್ಲಿ. ಮದುವೆ ಕಾಲದಲ್ಲಿ ಪಾತ್ರೆಗಳೆಲ್ಲ ಹೊರಗೆ ಹೋದಾಗ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿ, ನಮಗೆ ಎಲ್ಲಿ ಮಲಗುವುದೆಂದೇ ತಿಳಿಯುತ್ತಿರಲಿಲ್ಲ. ನಾವು ಶಿವಾಚಾರದವರು, ಮಾಂಸ ಮುಟ್ಟದವರು. ನೂರಾರು ಜನರಿಗೆ ಅಡುಗೆಯಾಗುವಷ್ಟು ಪಾತ್ರೆ ನಮ್ಮಲ್ಲಿತ್ತು, ಆದರೆ ನಮ್ಮ ನಾಲ್ಕು ಜನರ ಅನ್ನ ಬೇಯುತ್ತಿದ್ದದ್ದು ಒಂದು ಸೊಟ್ಟ ತಪ್ಪಲೆಯಲ್ಲಿ. ಯಾರೋ ಬೀಳಿಸಿ ತಂದುಕೊಟ್ಟದ್ದು, ಬಾಡಿಗೆಗೆ ಹೋಗದು ಎಂದು ಅವ್ವ ಒಲೆಗೆ ಏರಿಸಿಕೊಂಡಿದ್ದಳು.

ಅಪ್ಪನ ವ್ಯವಹಾರವೆಲ್ಲ ಮುಂದಿನ ಕೋಣೆಯ ಸುಣ್ಣದ ಗೋಡೆಯ ಮೇಲೆ ನಡೆಯುತ್ತಿತ್ತು. ಯಾರಾದರೂ ಬಂದು ಇಂಥ ದಿನಕ್ಕೆ ಪಾತ್ರೆ ಬೇಕು ಎಂದರೆ ಅಪ್ಪ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ದಿನ, ಮನೆ, ಎಷ್ಟು ಎಲೆಯ ಊಟ ಎಂದು ದೊಡ್ಡದಾಗಿ ಬರೆಯುತ್ತಿದ್ದ. ಪಾತ್ರೆ ವಾಪಸು ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಬಾಗಿಲಲ್ಲಿ ನಿಂತ ಯಾರಿಗಾದರೂ ಅದು ಕಾಣಿಸುತ್ತಿತ್ತು. ಗೋಡೆಯಲ್ಲಿ ಬರೆದಿದ್ದರೆ ಇದೆ, ಬರೆದಿಲ್ಲದಿದ್ದರೆ ಇಲ್ಲ. ಊರಿನವರು ಯಾರ ಮನೆಯ ಮದುವೆ ಯಾವತ್ತು ಎಂದು ತಿಳಿಯಲು ನಮ್ಮ ಗೋಡೆ ನೋಡಿಹೋಗುತ್ತಿದ್ದರು. ಅಪ್ಪ ಎಲ್ಲರಿಗೂ ಕೊಡುತ್ತಿದ್ದನೆಂದಲ್ಲ. ಪಾತ್ರೆ ತೂತು ಮಾಡಿ ತಂದವನಿಗೆ ಮುಂದಿನ ಸಲ ಇಲ್ಲ. ಕುಡಿದು ಬಂದವನಿಗೆ, "ನಾಳೆ ಬೆಳಗ್ಗೆ ಬಾಪ್ಪಾ, ಇಬ್ರೂ ಎಚ್ಚರ ಇರ್ತೀವಿ." ಮಾಂಸದಡುಗೆಗೆ ಯಾರಿಗೂ ಇಲ್ಲ, ಅದನ್ನು ಬಾಗಿಲ ಮೇಲೆ ಹಲಗೆಯಲ್ಲೇ ಬರೆಸಿದ್ದ. ಒಮ್ಮೆ ಯಾರೋ ದೊಡ್ಡ ಅಧಿಕಾರಿ ಶಿಕಾರಿ ಊಟಕ್ಕೆಂದು ಕೊಳಗ ಕೇಳಿ ಕಳುಹಿಸಿದಾಗಲೂ ಆ ಹಲಗೆಯನ್ನೇ ತೋರಿಸಿದನಂತೆ. ಅವ್ವ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಅಪ್ಪ ಅಂಜುಬುರುಕನಾಗಿರಲಿಲ್ಲ ಎಂದು ನಾನು ಇಲ್ಲಿ ಬರೆಯಬೇಕು. ಅವನು ಅಂಜಿದ್ದು ಒಂದೇ ಸಲ.

ಅಕ್ಕನಿಗೆ ಆಗ ಹದಿನೈದು. ರಜ ಮುಗಿದರೆ ಎಂಟನೆಯ ತರಗತಿ. ಅದನ್ನು ಮುಗಿಸಿ ಟೀಚರ್ ಟ್ರೈನಿಂಗ್‌ಗೆ ಹೋಗುವುದು ಅವಳ ಆಸೆ, ಅಪ್ಪನೂ ಒಪ್ಪಿದ್ದ. ಮೈಸೂರು ಸೀಮೆಯ ಯಳಂದೂರಿನ ಹತ್ತಿರ, ಮಾಂಬಳ್ಳಿಯಲ್ಲಿದ್ದ ಅವ್ವನ ಅಣ್ಣ, ನಮ್ಮ ಮಾವ, ತನ್ನ ಮಗ ಬಸವಣ್ಣನಿಗೆ ಅಕ್ಕನನ್ನು ಕೇಳಿದ್ದ. ಕೊಡುವುದು ಎಂದು ಮಾತಾಗಿತ್ತು, ಆದರೆ ಟ್ರೈನಿಂಗ್ ಮುಗಿದ ಮೇಲೆ. ಮಾವನಿಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ. "ಅವ್ಳು ಮೇಷ್ಟ್ರಾಗೋದ್ರೆ ನಮ್ಮಟ್ಟಿ ಎಮ್ಮೆಗಳ್ಗೆ ಪಾಠ ಏಳ್ಕೊಡ್ತಾಳಾ?" ಎಂದು ನಗುತ್ತಿದ್ದ. ಅಪ್ಪ ಜಗ್ಗಿರಲಿಲ್ಲ. ಮೂರು ವರ್ಷ ಎಂದರೆ ಮೂರು ವರ್ಷ ಎಂದಿದ್ದ.

ಕೊಪ್ಪರಿಗೆ ಉಜ್ಜಿದ ಮರುದಿನ ಸಿದ್ದಯ್ಯ ಬಂದ. ಅವನು ಕೋರ್ಟಿನಲ್ಲಿ ಜವಾನ, ಖಾಕಿ ಕೋಟು ಹಾಕುತ್ತಿದ್ದ. ಊರಾಚೆಯ ಕೇರಿಯವನು, ಆಗ ಹರಿಜನರು ಎನ್ನುತ್ತಿದ್ದರು. ಅವನ ಕೇರಿಯವರು ಅಪ್ಪನಂಥವರನ್ನು "ಬುದ್ಧಿ" ಎಂದು ಕರೆಯುವುದು ವಾಡಿಕೆ. ಸಿದ್ದಯ್ಯ ಮಾತ್ರ ಕೋರ್ಟಿನ ಅಭ್ಯಾಸದಿಂದ "ಸಾ" ಎನ್ನುತ್ತಿದ್ದ. ಮೆಟ್ಟಿಲ ಕೆಳಗೇ ನಿಂತು ಮಾತಾಡಿದ.

"ಮಗಳ ಮದುವೆ ಇಟ್ಕಂಡಿವ್ನಿ ಸಾ. ಬರೋ ಸ್ವಾಮಾರ ಬಿಟ್ಟು ಅದರ ಮುಂದಿನ ಸ್ವಾಮಾರ. ಒಂದಿನ್ನೂರು ಎಲೆ ಆಯ್ತದೆ. ಎಲ್ಡು ಕೊಳಗ, ಒಂದ್ ಬಾಂಡ್ಲಿ, ಸೌಟು, ಜಾಲರಿ ಆದ್ರೆ ಸಾಕು."

ಅಪ್ಪ ತಲೆಯೆತ್ತದೆ ಬಾಗಿಲ ಮೇಲಿನ ಹಲಗೆ ತೋರಿಸಿದ. "ಮಾಂಸಕ್ಕೆ ಕೊಡಾಕಿಲ್ಲ ಸಿದ್ದಯ್ಯ. ಯಾರ್ಗೂ ಕೊಡಾಕಿಲ್ಲ."

"ಅದ್ನ ಓದ್ಕಂಡೇ ನಿಂತಿವ್ನಿ ಸಾ. ಸ್ವಾಮಾರ ನಮ್ಮನೇಲೂ ಮಾಂಸ ಮುಟ್ಟಾಕಿಲ್ಲ. ಮಾದಪ್ಪನ ಒಕ್ಕಲು. ಅನ್ನ, ಬೇಳೆ ಸಾರು, ಕಡ್ಲೆಬೇಳೆ ಪಾಯಸ. ಬೇಕಾರೆ ನೀವೇ ಬಂದು ನೋಡಿ."

ಅಪ್ಪ ಗೋಡೆ ನೋಡಿದ. ನಾನೂ ನೋಡಿದೆ. ಮದುವೆ ಕಾಲ ಮುಗಿಯುತ್ತಾ ಬಂದಿತ್ತು. ಆ ಸೋಮವಾರದ ಎದುರು ಬರೀ ಸುಣ್ಣ.

"ನಾಳಿದ್ದು ಬಾ, ನೋಡಿ ಏಳ್ತೀನಿ," ಎಂದ ಅಪ್ಪ.

ಸಿದ್ದಯ್ಯ ಕೈಮುಗಿದು ಹೋದ. ದಬಾಯಿಸಲಿಲ್ಲ, ಕಾನೂನು ಎನ್ನಲಿಲ್ಲ. ಆದರೆ ಕೋರ್ಟಿನಲ್ಲಿ ದಿನವೂ ನಿಲ್ಲುವವನಿಗೆ ಕಾನೂನು ಗೊತ್ತಿಲ್ಲವೇ ಎಂಬ ಯೋಚನೆ ಅಪ್ಪನಿಗೆ ಹತ್ತಿತು. ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು. ಹೋಟೆಲು, ಅಂಗಡಿ, ಬಾವಿ ಯಾವುದರಲ್ಲೂ ಜಾತಿ ನೋಡಿ ಯಾರನ್ನೂ ಹಿಂದಕ್ಕೆ ಕಳುಹಿಸಬಾರದೆಂಬ ಕಾನೂನು ಬಂದಿದೆಯೆಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಪಾತ್ರೆಗೂ ಅದು ಅನ್ವಯಿಸುತ್ತದೆಯೇ ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಕೇರಿಯವರು ಯಾರೂ ಅದುವರೆಗೆ ಬಂದು ಕೇಳಿರಲಿಲ್ಲ. ಸಂಜೆ ಪಕ್ಕದ ಮನೆಯ ವಕೀಲರು ನಮ್ಮ ಜಗಲಿಗೆ ಎಂದಿನಂತೆ ಎಲೆ ಅಡಿಕೆಗೆ ಬಂದರು. ಅಪ್ಪ ಅವರನ್ನೇ ಕೇಳಿದ. ನಾನು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಹೇನು ನೋಡಿಸಿಕೊಳ್ಳುತ್ತಿದ್ದೆ, ಆದ್ದರಿಂದ ಎಲ್ಲ ಕೇಳಿಸಿತು.

"ನೋಡು ಗುರುಮಲ್ಲಪ್ಪ," ಎಂದರು ವಕೀಲರು, "ಅಂಗಡಿ ಅಂತ ಬಾಗಿಲು ತೆಗೆದ ಮೇಲೆ ಬಂದವರಿಗೆಲ್ಲ ಕೊಡಬೇಕು. ಪಾತ್ರೆ ಖಾಲಿ ಇಲ್ಲ, ಕೊಡಬೇಡ. ಹಿಂದೆ ಒಯ್ದದ್ದು ತಂದುಕೊಟ್ಟಿಲ್ಲ, ಕೊಡಬೇಡ. ಕುಡಿದು ಬಂದು ಗಲಾಟೆ ಮಾಡಿದ, ಕೊಡಬೇಡ. ಮಾಂಸಕ್ಕೆ ಕೊಡಲ್ಲ ಅಂತೀಯ, ಸರಿ, ಯಾರಿಗೂ ಕೊಡಬೇಡ. ಇಂಥ ಕೇರಿಯಲ್ಲಿ ಹುಟ್ಟಿದವನು ಅಂತ ಮಾತ್ರ ಕೊಡದೆ ಇರೋ ಹಾಗಿಲ್ಲ. ಅದು ಅಪರಾಧ."

"ಅಂಗಾದ್ರೆ ನಾನ್ ಏನ್ ಮಾಡ್ಲಿ ಸ್ವಾಮಿ?"

"ಕೊಡು."

"ಕೊಟ್ರೆ ನಾಳಿಂದ ನಮ್ಮೋರು ಯಾರು ಅದ್ರಲ್ಲಿ ಬೇಯಿಸ್ಕಂಡು ಉಂಡಾರು? ಮಾಂಬಳ್ಳಿ ಭಾವ ಮನೆಗೆ ಕಾಲಿಟ್ಟಾನಾ?"

ವಕೀಲರು ಎಲೆಗೆ ಸುಣ್ಣ ಸವರುತ್ತಾ ನಕ್ಕರು. "ಹಾಗಾದರೆ ಅವತ್ತು ನಿನ್ನ ಮನೆಯಲ್ಲೇ ಮದುವೆ ಇರಬೇಕು ನೋಡು. ನಿನ್ನ ಪಾತ್ರೆ ನಿನಗೇ ಬೇಕು ಅಂದರೆ ಯಾವ ಕೋರ್ಟೂ ಕೇಳಲ್ಲ."

ಅವರು ತಮಾಷೆಗೆ ಹೇಳಿದ್ದು. ಅಪ್ಪ ನಗಲಿಲ್ಲ. ನನ್ನ ಕೂದಲಲ್ಲಿ ಓಡಾಡುತ್ತಿದ್ದ ಅಕ್ಕನ ಬೆರಳು ಮಾತ್ರ ಒಂದು ಗಳಿಗೆ ನಿಂತಿತು.

ಮೂರನೆಯ ದಿನ ಬೆಳಗ್ಗೆ ನಾನು ಹಲ್ಲುಜ್ಜಲು ಹೊರಗೆ ಬಂದಾಗ ಗೋಡೆಯ ಮೇಲೆ ಆ ಸೋಮವಾರದ ಎದುರು ಹೊಸ ಇದ್ದಿಲಿನ ಅಕ್ಷರ: 'ಸ್ವಂತ ಮನೆ ಮದುವೆ. ಎಲ್ಲಾ ಪಾತ್ರೆ.' ನನಗೆ ಓದಲು ಬರುತ್ತಿತ್ತು, ಓದಿದ್ದು ಅರ್ಥವಾಗಲಿಲ್ಲ. ಯಾರ ಮದುವೆ ಎಂದು ಅವ್ವನನ್ನು ಕೇಳಬೇಕೆನ್ನುವಷ್ಟರಲ್ಲಿ ಸಿದ್ದಯ್ಯ ಬಂದ. ಅಪ್ಪ ಗೋಡೆ ತೋರಿಸಿದ. ಸಿದ್ದಯ್ಯ ಮೆಟ್ಟಿಲ ಕೆಳಗಿನಿಂದಲೇ ಕತ್ತು ಚಾಚಿ, ತುಟಿ ಅಲ್ಲಾಡಿಸಿಕೊಂಡು ಓದಿದ. ಅವನು ಸಿಟ್ಟಾಗುತ್ತಾನೆ ಎಂದುಕೊಂಡು ಅಪ್ಪ ಕಂಬ ಹಿಡಿದು ನಿಂತಿದ್ದ. ಸಿದ್ದಯ್ಯನ ಮುಖ ಅರಳಿತು.

"ದೊಡ್ಡ ಮಗಳ್ಗಾ ಸಾ! ಮುಂಚೇನೇ ಏಳ್ಬಾರ್ದಾ! ಒಂದೇ ಲಗ್ನ ನೋಡಿ, ನಿಮ್ ಮಗೂಗೂ ನನ್ ಮಗೀಗೂ. ಪಾತ್ರೆ ಎಲ್ಲಾರ ಸಿಕ್ತವೆ, ಬುಡಿ. ಒಳ್ಳೇದಾಗ್ಲಿ. ಮಾದಪ್ಪ ಕಾಪಾಡ್ಲಿ."

ಅವನು ಅದನ್ನು ನಂಬಿದ. ನಂಬಿದವನು ಸುಮ್ಮನೆ ಇರಲಿಲ್ಲ, ಸಂತೋಷದಿಂದ ಕೋರ್ಟಿನಲ್ಲಿ ಎಲ್ಲರಿಗೂ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯಾಕೆ ಬಂದು, "ನಮ್ಗೇ ಏಳ್ದೆ ಲಗ್ನ ಕಟ್ಸಿದ್ರಾ?" ಎಂದು ಅವ್ವನ ಮೇಲೆ ಮುನಿಸಿಕೊಂಡಳು. ಸಂಜೆ ವಕೀಲರು ಬಂದರು. ಗೋಡೆ ಓದಿ, ಅಪ್ಪನ ಮುಖ ನೋಡಿ, ಜಗಲಿಯ ಮೇಲೆ ಕೂರದೆ ನಿಂತೇ ಹೇಳಿದರು:

"ಇದೇನಯ್ಯಾ ಮಾಡ್ಕೊಂಡೆ? ನಾನು ತಮಾಷೆಗೆ ಅಂದರೆ ಬರೆದೇ ಬಿಡೋದಾ? ಈಗ ಆ ದಿನ ಮದುವೆ ಆಗಲಿಲ್ಲ ಅನ್ನು, ಜಾತಿಗೋಸ್ಕರ ಸುಳ್ಳು ಹೇಳಿ ಕೊಡಲಿಲ್ಲ ಅಂತ ನೀನೇ ಬರೆದುಕೊಟ್ಟ ಹಾಗೆ. ಇನ್ನು ಎರಡೇ ದಾರಿ. ಅವನನ್ನು ಕರೆದು ಪಾತ್ರೆ ಕೊಡು, ಇಲ್ಲ ಮದುವೆ ಮಾಡು."

ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಎಂದೂ ಆಗದ ಜಗಳ ಆಯಿತು. ಜಗಳವೆಂದರೆ ಕೂಗಾಟವಲ್ಲ. ಅವ್ವ ಸೊಟ್ಟ ತಪ್ಪಲೆಯಿಂದ ಅನ್ನ ಬಡಿಸುತ್ತಾ ಮೆಲ್ಲಗೆ ಕೇಳಿದಳು. ಅಪ್ಪ ಅನ್ನ ಕಲಸುತ್ತಾ ಉತ್ತರ ಕೊಟ್ಟ. ಅಕ್ಕ, ನಾನು ಎದುರಿಗೇ ಕೂತಿದ್ದೆವು.

"ಒಂದ್ ಬಟ್ಟೆ ನೆನ್ಸಿ ಗೋಡೆ ಒರ್ಸಾಕೆ ಎಷ್ಟೊತ್ತು?" ಎಂದಳು ಅವ್ವ.

"ಒರ್ಸ್ತೀನಿ. ಒರ್ಸ್ಬುಟ್ಟು ಸಿದ್ದಯ್ಯನ ಮುಂದೆ ಏನಂತ ನಿಂತ್ಕಳ್ಲಿ? ಸುಳ್ಳು ಬರ್ದಿದ್ದೆ ಕಣಪ್ಪಾ ಅಂತಲಾ? ಅವ್ನು ದೇವ್ರೆಸ್ರಲ್ಲಿ ಒಳ್ಳೇದಾಗ್ಲಿ ಅಂದವ್ನೆ."

"ಅಂಗಂತ ಈ ಮಗೀನ..."

"ಅಪ್ಪಾ," ಎಂದಳು ಅಕ್ಕ. ದೊಡ್ಡವರ ನಡುವೆ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಪಾತ್ರೆ ಕೊಟ್ಬುಡು. ವಾಪಸ್ ಬಂದ್ಮೇಲೆ ನಾನೇ ಉಜ್ತೀನಿ. ಎಲ್ಡು ಸಲ ಉಜ್ತೀನಿ. ನಾನು ಇಸ್ಕೂಲ್ಗೆ ಓಗ್ಬೇಕು."

ಅಪ್ಪ ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದ. ಅವನು ಕೊಡುತ್ತಿದ್ದ ಎಂದೇ ನನಗೆ ಅನ್ನಿಸುತ್ತದೆ. ಇನ್ನೊಂದು ದಿನ ಸಿಕ್ಕಿದ್ದರೆ ಕೊಡುತ್ತಿದ್ದ. ಆದರೆ ಸುದ್ದಿ ಯಳಂದೂರಿನ ಬಸ್ಸು ಹತ್ತಿ ಅಷ್ಟರಲ್ಲೇ ಮಾಂಬಳ್ಳಿ ಮುಟ್ಟಿತ್ತು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಮಾವ ಬಂದಿಳಿದ. ಹೆಗಲ ಮೇಲೆ ಬಾಳೆಗೊನೆ, ಕೈಯಲ್ಲಿ ಹೂವಿನ ಪೊಟ್ಟಣ, ಬಾಯಿ ತುಂಬ ನಗು.

"ಏನ್ ಭಾವ! ಗಂಡಿನ ಅಪ್ಪಂಗೇ ಏಳ್ದೆ ಲಗ್ನ ಇಟ್ಬುಟ್ಟಿದ್ದೀಯಲ್ಲಾ, ಗೋಡೆ ಮ್ಯಾಲೆ ಬರ್ಕಂಡು! ಊರೆಲ್ಲಾ ಓದ್ಕಂಡವ್ರೆ, ನಾನೊಬ್ನೇ ದಡ್ಡ!" ಎಂದು ಅಪ್ಪನ ಬೆನ್ನು ತಟ್ಟಿದ. "ನಾನೇ ಕೇಳಾನ ಅಂತಿದ್ದೆ. ನಮ್ಮವ್ವಂಗೂ ಈಗೀಗ ಮೈಗುಸಾರಿಲ್ಲ, ಮೊಮ್ಮಗನ ಮದುವೆ ನೋಡ್ಬೇಕು ಅಂತ ಆತೊರಿತಾ ಅವ್ಳೆ. ನೀನೇ ಮನ್ಸ್ ಮಾಡ್ದೆ. ದೊಡ್ಡೋನು ಕಣಪ್ಪಾ ನೀನು!"

ಅಪ್ಪ ಬಾಯಿ ತೆರೆದ. ಅವನ ಬಾಯಿಯಿಂದ ಏನು ಬರುತ್ತದೆಯೋ ಎಂದು ಅವ್ವ ಅಡುಗೆಮನೆಯ ಬಾಗಿಲಲ್ಲಿ, ಅಕ್ಕ ಹಂಡೆಗಳ ಹಿಂದೆ, ನಾನು ಅಕ್ಕನ ಪಕ್ಕದಲ್ಲಿ ಕಾದೆವು. ಅಪ್ಪ ಹೇಳಿದ್ದು, "ಕೂತ್ಕೋ ಭಾವ, ಕಾಫಿ ಕುಡಿ." ಅಲ್ಲಿಗೆ ಎಲ್ಲ ಮುಗಿಯಿತು. ಪಾತ್ರೆಯ ಕಥೆ ಮಾವನಿಗೆ ಸಂಜೆ ಯಾರೋ ಹೇಳಿದರು. ಅವನು ಅದನ್ನೂ ನಕ್ಕೇ ಕಳೆದ. "ನಿಮ್ಮ ಮದ್ರಾಸ್ ಕಾನೂನಿನ ಸಾವಾಸ ಬ್ಯಾಡ, ಪಾತ್ರೆ ಎಲ್ಲಾ ಗಾಡಿಗೆ ಏರ್ಸ್ಕಂಡು ನಮ್ ಮೈಸೂರ್ ಸೀಮೆಗೆ ಬಂದ್ಬುಡು," ಎಂದ. ಮಾವ ಕೆಟ್ಟವನಲ್ಲ. ಅಕ್ಕನನ್ನು ಮಗಳಂತೆ ನೋಡಿಕೊಂಡ. ಆದರೆ ಆ ದಿನ ಅವನು ಸುಲಿದು ಕೊಟ್ಟ ಬಾಳೆಹಣ್ಣನ್ನು ನಾನು ತಿನ್ನಲಿಲ್ಲ.

ಮದುವೆಗೆ ಇದ್ದದ್ದು ಹತ್ತೇ ದಿನ. ಅವ್ವ ಹಪ್ಪಳ ಹಾಕಿದಳು, ಎದುರು ಮನೆಯಾಕೆ ಮುನಿಸು ಮರೆತು ಬಂದು ಶಾವಿಗೆ ಹೊಸೆದಳು. ಅಕ್ಕ ಒಂದು ಸಲವೂ ಅಳಲಿಲ್ಲ. ತನ್ನ ಏಳನೆಯ ತರಗತಿಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿ, ಮೊದಲ ಪುಟದಲ್ಲಿ ತನ್ನ ಹೆಸರು ಹೊಡೆದು ನನ್ನ ಹೆಸರು ಬರೆದಳು. ನಾನಿನ್ನೂ ಮೂರನೆಯ ತರಗತಿ. ಅವು ನನಗೆ ಬೇಕಾಗಲು ನಾಲ್ಕು ವರ್ಷವಿತ್ತು. ಅಷ್ಟರಲ್ಲಿ ಪಾಠ ಬದಲಾಗುವುದಿಲ್ಲವೇ ಎಂದು ನಾನು ಕೇಳಿದೆ. "ಬದಲಾದ್ರೂ ಲೆಕ್ಕ ಅದೇ ಇರ್ತದೆ ಕಣೇ ಪುಟ್ಟಿ," ಎಂದಳು. ಚಪ್ಪರದ ದಿನ ಅವಳ ಕೈಗೆ ಬಳೆ ತೊಡಿಸುವಾಗ ಅಪ್ಪ ಹಿತ್ತಲಲ್ಲಿ ಒಬ್ಬನೇ ನಿಂತಿದ್ದ. ಹುಣಸೆಹಣ್ಣು ಹಚ್ಚಿ ಆಗಲೇ ಥಳಥಳ ಎನ್ನುತ್ತಿದ್ದ ಕೊಳಗವನ್ನು ಮತ್ತೆ ಉಜ್ಜುತ್ತಿದ್ದ.

ಸೋಮವಾರ ಮದುವೆಯಾಯಿತು. ನಮ್ಮ ಕಡೆ, ಮಾಂಬಳ್ಳಿ ಕಡೆ ಸೇರಿ ಮುನ್ನೂರು ಎಲೆ ಆಗಿರಬಹುದು. ಅದಕ್ಕೆ ನಾಲ್ಕು ಕೊಳಗ, ಎರಡು ಬಾಂಡ್ಲಿ ಧಾರಾಳ. ಆದರೆ ಅಪ್ಪ ಮನೆಯ ಒಂದೊಂದು ಪಾತ್ರೆಯನ್ನೂ ಹೊರಗೆ ತರಿಸಿದ. 'ಎಲ್ಲಾ ಪಾತ್ರೆ' ಎಂದು ಬರೆದಿದ್ದನಲ್ಲ, ಅದನ್ನಾದರೂ ನಿಜ ಮಾಡಬೇಕೆಂದು ಹಟ ಹಿಡಿದ. ಅಡುಗೆ ಭಟ್ಟರು ತಲೆ ತಲೆ ಚಚ್ಚಿಕೊಂಡರು. ಒಂದು ಹಂಡೆಯಲ್ಲಿ ಬೊಗಸೆ ಕೋಸಂಬರಿ, ಇನ್ನೊಂದರಲ್ಲಿ ನಾಲ್ಕು ಸೌಟು ಮಜ್ಜಿಗೆ, ಇನ್ನೊಂದರಲ್ಲಿ ಬರೀ ನೀರು. ನಾನು ಒಳಗೆ ಕೂತು ಉಜ್ಜುತ್ತಿದ್ದ ಕೊಪ್ಪರಿಗೆಯ ತಳದಲ್ಲಿ ಒಂದು ಮೊರದಷ್ಟು ಅನ್ನ. ಬೀಗರು ಅದನ್ನು ನೋಡಿ, ಪಾತ್ರೆ ಇರುವವನ ಮನೆಯ ಜಂಬ ಎಂದು ನಕ್ಕರು. ಧಾರೆಯ ಹೊತ್ತಿಗೆ ಊರಾಚೆಯಿಂದ ತಮಟೆಯ ಸದ್ದು ಕೇಳಿಸಿತು. ಅಲ್ಲೂ ಅದೇ ಲಗ್ನ. ಅಪ್ಪ ಅಕ್ಕನ ಕೈ ಹಿಡಿದು ಧಾರೆಯೆರೆಯುತ್ತಿದ್ದ. ತಮಟೆ ಕೇಳಿ ಒಂದು ಕ್ಷಣ ಅವನ ಕೈ ತಡೆಯಿತು. ಶಾಸ್ತ್ರ ಮಾಡಿಸುತ್ತಿದ್ದ ಅಯ್ನೋರು, "ಹೂಂ, ನೀರು ಬಿಡಿ," ಎಂದರು. ಬಿಟ್ಟ.

ಎರಡು ದಿನವಾದ ಮೇಲೆ ಸಿದ್ದಯ್ಯ ಬಂದ. ಅಕ್ಕ ಆಗಲೇ ಮಾಂಬಳ್ಳಿಗೆ ಹೋಗಿದ್ದಳು. ಕೈಯಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ. ನಾವು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆವು, ಅವನು ಅಲ್ಲಿಗೇ ಬಳಸಿಕೊಂಡು ಬಂದ.

"ನಮ್ದೂ ಆಯ್ತು ಸಾ. ಎಲ್ಲೂ ಸಿಗ್ಲಿಲ್ಲ, ಕುಂಬಾರ್ರ ಮನೆಯಿಂದ ಮಡಕೆ ತಂದು ಬೇಯಿಸ್ದೊ. ಅನ್ನ ಒಸಿ ಸೀದೋಯ್ತು. ಆದ್ರೂ ಯಾರೂ ಅನ್ನಿಲ್ಲ, ಉಂಡ್ರು."

ಅಪ್ಪ ಎದ್ದು ತಾಂಬೂಲಕ್ಕೆ ಕೈ ಚಾಚಿದ. ಅವ್ವ ಒಳಗಿನಿಂದ ಲಾಡು ತಂದು, ಮೇಲಿನಿಂದ ಹಾಕದೆ ಅವನ ಅಂಗೈಗೇ ಇಟ್ಟು, "ಮಗೀಗೆ ಕೊಡಪ್ಪಾ," ಎಂದಳು. ಸಿದ್ದಯ್ಯ ಲಾಡು ಹಿಡಿದು ಹಿತ್ತಲನ್ನು ನೋಡಿದ. ಒಗ್ಗರಣೆಯ ಕಲೆಯೂ ಇಲ್ಲದ ಬಾಂಡ್ಲಿಗಳು, ಮಸಿಯೇ ಹಿಡಿಯದ ಕೊಳಗಗಳು. ಅಡುಗೆಯಾದ ಪಾತ್ರೆ ಯಾವುದು, ಆಗದ್ದು ಯಾವುದು ಎಂದು ಮಕ್ಕಳಿಗೂ ತಿಳಿಯುವಂತಿತ್ತು. ಅವನು ಒಂದೊಂದನ್ನೇ ನೋಡುತ್ತಾ ಹೋದ.

"ಎಲ್ಲಾನೂ ಬೇಕಾಯ್ತಾ ಸಾ?"

"ಬೇಕಾಯ್ತು," ಎಂದ ಅಪ್ಪ.

"ಬತ್ತೀನವ್ವಾ," ಎಂದು ಸಿದ್ದಯ್ಯ ಅವ್ವನಿಗೆ ಮಾತ್ರ ಹೇಳಿ ಹೋದ. ಆಮೇಲೆ ಅವನು ನಮ್ಮ ಮನೆಗೆ ಯಾವತ್ತೂ ಬರಲಿಲ್ಲ. ದೂರು ಕೊಡಬಹುದಿತ್ತು, ಕೊಡಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಅಪ್ಪನೇ ತಲೆ ತಗ್ಗಿಸುತ್ತಿದ್ದ.

ಮುಂದಿನ ವರ್ಷ ಅದೇ ಕೇರಿಯಿಂದ ಇನ್ನೊಬ್ಬರು ಬಂದು ಕೇಳಿದರು. ಅಪ್ಪ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಅವರ ಮನೆಯ ಹೆಸರು ಬರೆದ. ಏನಾಗುತ್ತದೋ ಎಂದು ನಾವು ಕಾದೆವು. ನಾಲ್ಕೈದು ಮನೆಯವರು ಬರುವುದು ಬಿಟ್ಟರು. ಒಬ್ಬರು ಬೀದಿಯಲ್ಲಿ ನಿಂತು ಬೈದುಹೋದರು. ಬರುವ ಬೇಸಿಗೆಗೆ ಬೈದವರೂ ಬಂದರು, ಏಕೆಂದರೆ ಸುತ್ತಿನಲ್ಲಿ ಅಷ್ಟು ದೊಡ್ಡ ಕೊಪ್ಪರಿಗೆ ಬೇರೆ ಯಾರಲ್ಲೂ ಇರಲಿಲ್ಲ. ಮಾವನೇ ಅಜ್ಜಿಯ ತಿಥಿಗೆ ಎರಡು ಕೊಳಗ ಒಯ್ದ. ಯಾರ ಮನೆಗೆ ಹೋಗಿ ಬಂದವು ಎಂದು ಕೇಳಲೇ ಇಲ್ಲ. ಅಂದು ಉಣ್ಣುವಾಗ ಅಪ್ಪ ಅವ್ವನನ್ನು ಕೇಳಿದ:

"ಇಷ್ಟೇನಾ ಕಣೇ?"

"ಏನು?"

"ಕೊಟ್ಟಿದ್ರೆ ಆಗೋದು ಇಷ್ಟೇನಾ ಅಂತ."

ಅಪ್ಪ ಕೈ ತೊಳೆದು ಎದ್ದ. ಎಲೆಯಲ್ಲಿ ಅನ್ನ ಹಾಗೇ ಇತ್ತು. ಅಂದಿನಿಂದ ನನ್ನ ಓದಿನ ವಿಷಯದಲ್ಲಿ ಯಾರು ಏನೇ ಹೇಳಿದರೂ ಅವನು ಕೇಳಲಿಲ್ಲ. ನನಗೆ ಹದಿನಾರಕ್ಕೆ, ಹದಿನೆಂಟಕ್ಕೆ ಗಂಡು ಬಂದಾಗ, "ಓದ್ತಾ ಅವ್ಳೆ," ಎಂದಷ್ಟೇ ಹೇಳಿ ಬಾಗಿಲವರೆಗೆ ಕಳುಹಿಸಿ ಬರುತ್ತಿದ್ದ. ಟ್ರೈನಿಂಗ್‌ಗೆ ಸೇರಿಸಲು ನನ್ನ ಟ್ರಂಕನ್ನು ತಾನೇ ಹೊತ್ತ. ಅಕ್ಕನಿಗೆ ಬೇಕಾಗಿದ್ದದ್ದು ಹೀಗೆ ನನಗೆ ಸಿಕ್ಕಿತು. ನಾನು ಬಹಳ ಜಾಣೆಯಾಗಿರಲಿಲ್ಲ. ನನ್ನ ಹಿಂದೆ ಅಪ್ಪನ ಅಳುಕು ಇತ್ತು, ಅದು ನನ್ನನ್ನು ತಳ್ಳಿಕೊಂಡು ಹೋಯಿತು.

ಅಕ್ಕನ ಬದುಕು ಕೆಟ್ಟದಾಗಲಿಲ್ಲ. ಬಸವಣ್ಣ ಭಾವ ಮೆತ್ತಗಿನ ಮನುಷ್ಯ. ಮಕ್ಕಳಾದವು, ಅವುಗಳಿಗೆಲ್ಲ ಅವಳೇ ಅಕ್ಷರ ತಿದ್ದಿಸಿದಳು. ನಾನು ಹೊನ್ನೂರಿನ ಶಾಲೆಯಲ್ಲಿ ಟೀಚರಾಗಿದ್ದಾಗ ಒಂದು ದಿನ ಮೊಸರನ್ನ ಕಟ್ಟಿಕೊಂಡು ಬಂದು, ನಾನು ಬೇಡವೆಂದರೂ ತರಗತಿಯ ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಮಧ್ಯಾಹ್ನದವರೆಗೆ ಪಾಠ ಕೇಳಿದಳು. ಊಟಕ್ಕೆ ಕೂತಾಗ ಹೇಗಿತ್ತು ಎಂದು ಕೇಳಿದೆ. "ಚೆಂದಾಗೇ ಏಳ್ಕೊಡ್ತೀಯ. ಆದ್ರೆ ಹಲಗೆ ಕಡೆ ತಿರುಗ್ಕಂಡು ಮಾತಾಡ್ತೀಯ, ಹಿಂದೆ ಕೂತೋವುಕ್ಕೆ ಕೇಳಾಕಿಲ್ಲ," ಎಂದಳು. ಮರುದಿನದಿಂದ ನಾನು ಮಕ್ಕಳ ಕಡೆ ತಿರುಗಿ ಮಾತಾಡಿದೆ. ನಿವೃತ್ತಿಯವರೆಗೂ ಹಾಗೇ ಮಾಡಿದೆ.

ಈ ವರ್ಷ ಅವಳು ಹಾಸಿಗೆ ಹಿಡಿದಾಗ ನಾನು ಮಾಂಬಳ್ಳಿಯಲ್ಲೇ ಒಂದು ತಿಂಗಳಿದ್ದೆ. ಬೆಳಗಿನ ಬಿಸಿಲಿಗೆ ಅವಳನ್ನು ಪಡಸಾಲೆಗೆ ತಂದು ಕೂರಿಸಿ ತಲೆ ಬಾಚುತ್ತಿದ್ದೆ. ಹಳೆಯದನ್ನು ಅವಳು ಎತ್ತುವವಳಲ್ಲ. ಮದುವೆಯ ಮಾತನ್ನಂತೂ ಎಂದೂ ಆಡಿರಲಿಲ್ಲ. ಒಂದು ದಿನ ಬಾಚಿಸಿಕೊಳ್ಳುತ್ತಲೇ ಕೇಳಿದಳು.

"ಪುಟ್ಟೀ, ಸಿದ್ದಯ್ಯನ ಮಗಳ್ದೂ ಅವತ್ತೇ ಅಲ್ವಾ ಮದುವೆ?"

"ಹೂಂ ಅಕ್ಕ."

"ಅವಳೆಸ್ರು ಏನೇ?"

ನೆನಪು ಮಾಡಿಕೊಳ್ಳಲು ನೋಡಿದೆ, ಆದರೆ ನೆನಪಿಗೆ ಬರಲು ಅಲ್ಲಿ ಏನೂ ಇರಲಿಲ್ಲ. ಸಿದ್ದಯ್ಯ ಮಗಳು ಎಂದಿದ್ದ, ಮಗಿ ಎಂದಿದ್ದ. ಅಪ್ಪ ಕೇಳಿರಲಿಲ್ಲ. ಲಾಡು ಕೊಡುವಾಗ ಅವ್ವನೂ ಕೇಳಿರಲಿಲ್ಲ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಅಕ್ಕನಿಗಾದದ್ದನ್ನೇ ನೆನೆದು ನೊಂದುಕೊಂಡಿದ್ದೆ. ಆ ದಿನ ಸೀದ ಅನ್ನದ ಊಟದೊಂದಿಗೆ ಮದುವೆಯಾದ ಇನ್ನೊಬ್ಬ ಹುಡುಗಿ ಇದ್ದಳೆಂದು ಯೋಚಿಸಿದ್ದು ನಾನಲ್ಲ, ಅಕ್ಕ.

"ಗೊತ್ತಿಲ್ಲ ಅಕ್ಕ," ಎಂದೆ.

"ಕೇಳ್ಬೇಕಾಗಿತ್ತು," ಎಂದಳು. ಅದಾಗಿ ಒಂಬತ್ತು ದಿನಕ್ಕೆ ಹೋದಳು.

ಅಕ್ಕನ ಕಾರ್ಯ ಮುಗಿದ ಮೇಲೆ ನಾನು ಕೊಳ್ಳೇಗಾಲಕ್ಕೆ ಹೋಗಿ, ಆ ಕೇರಿ ಇದ್ದ ಕಡೆ ವಿಚಾರಿಸಿದೆ. ಈಗ ಅಲ್ಲಿ ಟೆರೇಸು ಮನೆಗಳಿವೆ. ಜನ ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಒಬ್ಬರನ್ನೊಬ್ಬರು ಕೇಳಿದರು. ಕೋರ್ಟಿನ ಸಿದ್ದಯ್ಯ ಎಂದರೆ ಒಬ್ಬ ಮುದುಕರಿಗೆ ನೆನಪಿತ್ತು. ಅವನ ಮನೆಯವರು ಬಹಳ ಹಿಂದೆಯೇ ಊರು ಬಿಟ್ಟರಂತೆ, ರಾಮಾಪುರದ ಕಡೆಗೆ ಎಂದು ಒಬ್ಬರು, ಇಲ್ಲ ತಮಿಳುನಾಡಿನ ಕಡೆಗೆ ಎಂದು ಇನ್ನೊಬ್ಬರು. ಮಗಳನ್ನು ಎಲ್ಲಿಗೆ ಕೊಟ್ಟಿದ್ದರೆಂದು ಯಾರಿಗೂ ತಿಳಿಯದು. ಅವಳ ಹೆಸರು ನನಗೆ ಇನ್ನೂ ಗೊತ್ತಾಗಿಲ್ಲ.